ಮೊದಲು ಕಲ್ಲನ್ನು ಓದು, ಕವಿತೆ ಆಮೇಲೆ

ಮಗಳೇ,

ಇಟಲಿಯ ಜಿನೋವಾದ ಸ್ತಾಲ್ಯೇನೊ ಸ್ಮಶಾನದಲ್ಲಿ ನೀನು ತೆಗೆದ ಪ್ರತಿಮೆಗಳ ಫೋಟೊಗಳನ್ನೂ ಅವುಗಳ ಮೇಲೆ ಕೂರಿಸಿದ ನಿನ್ನ ಕವಿತೆಗಳನ್ನೂ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿಕೊಂಡು ನಿಧಾನವಾಗಿ ನೋಡಿದೆ. ನಿನಗೆ ಕಣ್ಣಿದೆ. ಕಲ್ಲಿನ ಮೇಲೆ ಬೆಳಕು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂಬುದು ನಿನಗೆ ಗೊತ್ತಾಗುತ್ತದೆ. ಇದನ್ನು ಯಾರೂ ಕಲಿಸಿ ಬರಿಸುವುದಕ್ಕಾಗುವುದಿಲ್ಲ.

ಮನೆಯಲ್ಲಿ ಒಬ್ಬಿಬ್ಬರಿಗೆ ಕಸಿವಿಸಿಯಾಗಿದೆ. ಓದುವುದಕ್ಕೆಂದು ಅಷ್ಟು ದೂರ ಹೋದ ಹುಡುಗಿಗೆ ಮಸಣದಲ್ಲಿ ಏನು ಕೆಲಸ ಎಂದು ಕೇಳುತ್ತಿದ್ದಾರೆ. ಅದಕ್ಕೆ ನೀನು ತಲೆಕೆಡಿಸಿಕೊಳ್ಳಬೇಡ. ಕನ್ನಡದ ಅತಿ ಹಳೆಯ ಪದ್ಯಗಳಲ್ಲಿ ಹಲವು ಇರುವುದೇ ಸಾವಿನ ಕಲ್ಲಿನ ಮೇಲೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ನಂದಿಸೇನ ಎಂಬ ಮುನಿಯ ನಿಷಿಧಿ ಶಾಸನವಿದೆ, ಕ್ರಿ.ಶ. 700ರ ಆಸುಪಾಸಿನದು. ರೂಪ, ಸುಖ, ಸಿರಿ ಎಲ್ಲವೂ ಮಳೆಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ತೋರಿ ಮರೆಯಾಗುವಂಥವು ಎಂದು ತಿಳಿದು ಆ ಮುನಿ ಸನ್ಯಸನ, ಅಂದರೆ ಉಪವಾಸವಿದ್ದು ದೇಹ ಬಿಡುವ ವ್ರತ, ಹಿಡಿದ ಎಂಬುದು ಅದರ ಸಾರ. ಪಂಪ ಹುಟ್ಟುವುದಕ್ಕೆ ಇನ್ನೂರು ವರ್ಷ ಮೊದಲು ಯಾರೋ ಒಬ್ಬ ಹೆಸರಿಲ್ಲದ ಕವಿ ಬರೆದದ್ದು. ಹಾಗಾಗಿ ಸಾವಿನ ಕಲ್ಲಿಗೆ ಕವಿತೆ ಕೂಡಿಸುವುದು ನಿನ್ನಿಂದ ಶುರುವಾದದ್ದಲ್ಲ, ಹೊರದೇಶದಿಂದ ತಂದದ್ದೂ ಅಲ್ಲ. ನಿನ್ನ ಕೈಯಲ್ಲಿರುವ ಉಪಕರಣ ಮಾತ್ರ ಹೊಸದು.

ಇನ್ನು ಹೇಳಬೇಕಾದ ಮಾತಿಗೆ ಬರುತ್ತೇನೆ. ನಿನ್ನ ಚಿತ್ರಗಳಲ್ಲಿ ಯಾವ ಕವಿತೆಯನ್ನು ಯಾವ ಪ್ರತಿಮೆಯ ಮೇಲೆ ಇಟ್ಟರೂ ನಡೆಯುತ್ತದೆ. ರೆಕ್ಕೆ ಬಿಚ್ಚಿದ ದೇವದೂತೆಯ ಮೇಲೆ ಇರುವ ಸಾಲುಗಳನ್ನು ತೆಗೆದು ಮಂಡಿಯೂರಿದ ವಿಧವೆಯ ಮೇಲೆ ಹಾಕಿದರೆ ಏನೂ ಕೆಡುವುದಿಲ್ಲ. ಎಲ್ಲ ಕಡೆ ಮೌನ, ನೆರಳು, ನಿರಂತರ, ಶೂನ್ಯ. ಪದಗಳು ಸುಳ್ಳಲ್ಲ, ಆದರೆ ಆ ಕಲ್ಲಿನ ಕೆಳಗೆ ಮಲಗಿರುವವರಿಗೂ ಅವಕ್ಕೂ ಸಂಬಂಧ ಹುಟ್ಟಿಲ್ಲ. ಒಂದೊಂದು ಪ್ರತಿಮೆಯೂ ಯಾರೋ ಒಬ್ಬರಿಗಾಗಿ, ಯಾರೋ ಒಬ್ಬರು ದುಡ್ಡು ಕೊಟ್ಟು, ಯಾರೋ ಒಬ್ಬ ಶಿಲ್ಪಿ ತಿಂಗಳುಗಟ್ಟಲೆ ಕೂತು ಕೆತ್ತಿದ್ದು. ಅದು ಆಗಲೇ ಏನೋ ಹೇಳುತ್ತಿದೆ. ನೀನು ಅದನ್ನು ಕೇಳಿಸಿಕೊಳ್ಳದೆ ನಿನ್ನ ಮಾತನ್ನು ಅದರ ಮೇಲೆ ಬರೆದಿದ್ದೀಯ.

ಕತೆರಿನಾ ಕಂಪೊದೊನಿಕೊಳ ಪ್ರತಿಮೆಯನ್ನು ನೀನು ತೆಗೆದಿದ್ದೀಯ. ಅದು ಯಾರೆಂದು ಗೊತ್ತಿತ್ತೇ? ಚಿತ್ರದ ಕೆಳಗೆ ‘ಅಜ್ಜಿ’ ಎಂದಷ್ಟೇ ಇದೆ. ಅವಳು ಜಿನೋವಾ ಸುತ್ತಮುತ್ತಲಿನ ಜಾತ್ರೆಗಳಲ್ಲಿ ವ್ಯಾಪಾರ ಮಾಡುತ್ತಿದ್ದವಳು. ದಾರಕ್ಕೆ ಪೋಣಿಸಿದ ಹೇಜಲ್ ಬೀಜದ ಮಾಲೆ, ಉಂಗುರದಂಥ ಸಿಹಿರೊಟ್ಟಿ, ಇವು ಅವಳ ಸರಕು. ನಮ್ಮ ಜಾತ್ರೆಗಳಲ್ಲಿ ಬೆಂಡು ಬತ್ತಾಸು ಮಾರುವವರಿಲ್ಲವೇ, ಹಾಗೆ. ಮಳೆ ಬಿಸಿಲೆನ್ನದೆ ತಿರುಗಿ ಕೂಡಿಟ್ಟ ಕಾಸನ್ನೆಲ್ಲ ಕೊಟ್ಟು 1881ರಲ್ಲಿ ಲೊರೆಂಜೊ ಒರೆಂಗೊ ಎಂಬ ಶಿಲ್ಪಿಯ ಕೈಯಲ್ಲಿ ತನ್ನ ಪ್ರತಿಮೆ ಕೆತ್ತಿಸಿಕೊಂಡಳು. ಆಗ ಅವಳು ಬದುಕಿದ್ದಳು. ಒರೆಂಗೊ ಆ ಊರಿನ ಶ್ರೀಮಂತರಿಗೆಲ್ಲ ಕೆತ್ತಿಕೊಡುತ್ತಿದ್ದವನು. ಬ್ಯಾಂಕಿನವರು, ಹಡಗಿನ ಯಜಮಾನರು ನಿಂತ ಸಾಲಿನಲ್ಲೇ ಬೀಜ ಮಾರುವವಳೂ ನಿಂತಳು.

ನಿನ್ನ ಫೋಟೊವನ್ನೇ ಮತ್ತೆ ತೆರೆದು ನೋಡು. ಹೆಗಲ ಮೇಲಿನ ಶಾಲಿನ ಅಂಚಿಗೆ ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಇಳಿಬಿದ್ದಿದೆ. ಹಬ್ಬಕ್ಕೆ ಉಟ್ಟ ಲಂಗ, ಅದರ ಮುಂದೆ ಕಸೂತಿಯ ಏಪ್ರನ್. ಮುಖದಲ್ಲಿ ಸುಕ್ಕಿದೆ, ಒರೆಂಗೊ ಒಂದನ್ನೂ ಅಳಿಸಿಲ್ಲ. ಎರಡೂ ಕೈಯಲ್ಲಿ ಬೀಜದ ಮಾಲೆ, ರೊಟ್ಟಿ. ಸತ್ತವರ ಊರಿನಲ್ಲಿ ನಿಂತೂ ಅವಳು ವ್ಯಾಪಾರಕ್ಕೆ ಹೊರಟವಳ ಹಾಗೇ ಇದ್ದಾಳೆ. ನಿನ್ನ ಕವಿತೆಯ ನಾಲ್ಕನೆಯ ಸಾಲು ಸರಿಯಾಗಿ ಆ ಮಾಲೆಯ ಮೇಲೆ ಕೂತಿದೆ! ಇಡೀ ಶಿಲ್ಪದ ಜೀವ ಇರುವ ಜಾಗವನ್ನೇ ಅಕ್ಷರ ಮುಚ್ಚಿಬಿಟ್ಟಿದೆ.

ಇನ್ನೊಂದು ಸಂಗತಿಯೂ ನಿನ್ನ ಚೌಕಟ್ಟಿನಿಂದ ಹೊರಗುಳಿದಿದೆ. ಆ ಪ್ರತಿಮೆಯ ಪೀಠದಲ್ಲೇ ಒಂದು ಕವಿತೆ ಕೆತ್ತಿದೆ. ಬರೆದವನು ಜಂಬತ್ತಿಸ್ತಾ ವೀಗೊ, ಬರೆದದ್ದು ಜಿನೋವಾದ ಆಡುಮಾತಿನಲ್ಲಿ. ಅದು ಅವಳೇ ಮಾತಾಡುವ ಕವಿತೆ. ಯಾವ ಯಾವ ಊರಿನ ಜಾತ್ರೆಗೆ ಹೋದೆ, ಗಾಳಿಯಲ್ಲಿ ಬಿಸಿಲಲ್ಲಿ ಹೇಗೆ ಮಾರಿದೆ, ಮುಪ್ಪಿಗೆಂದು ಹೇಗೆ ಉಳಿಸಿದೆ, ಬದುಕಿರುವಾಗಲೇ ಈ ಕಲ್ಲು ಏಕೆ ನಿಲ್ಲಿಸಿಕೊಂಡೆ, ಎಲ್ಲ ಹೇಳಿ ಕೊನೆಗೆ ಹಾದುಹೋಗುವವರನ್ನು ತನ್ನ ಶಾಂತಿಗಾಗಿ ಬೇಡಿಕೊಳ್ಳಿರೆಂದು ಕೇಳುತ್ತಾಳೆ. ಮರುವರ್ಷ ತೀರಿಕೊಂಡಳು. ಇವತ್ತಿಗೂ ಆ ಊರಿನವರು ಅವಳ ಕಾಲಬಳಿ ಹೂವಿಡುತ್ತಾರೆ. ನೀನು ಮಾಡಬೇಕೆಂದಿರುವ ಕೆಲಸವನ್ನೇ, ಅಂದರೆ ಶಿಲ್ಪಕ್ಕೂ ಕವಿತೆಗೂ ಗಂಟು ಹಾಕುವುದನ್ನು, ಅಕ್ಷರ ಕಲಿಯುವ ಅವಕಾಶವೇ ಹೆಚ್ಚಾಗಿ ಸಿಗದಿದ್ದ ಕಾಲದ ಒಬ್ಬ ಹೆಂಗಸು ತನ್ನ ದುಡಿಮೆಯ ದುಡ್ಡಿನಲ್ಲಿ ಮಾಡಿಸಿಟ್ಟು ಹೋಗಿದ್ದಾಳೆ. ಅವಳ ಮುಂದೆ ನಿಂತು ‘ಶೂನ್ಯದ ಕಣ್ಣುಗಳೇ’ ಎಂದು ಶುರು ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಅವಳ ಕಣ್ಣಲ್ಲಿ ಶೂನ್ಯವಿಲ್ಲ. ಲೆಕ್ಕ ತಪ್ಪದೆ ಬದುಕಿದವಳ ಕಣ್ಣು ಅದು.

ಹಾಗೆಂದು ಚರಿತ್ರೆಯ ಪಾಠವನ್ನು ಕವಿತೆಯಾಗಿಸು ಎಂದು ನಾನು ಹೇಳುತ್ತಿಲ್ಲ. ಹೆಸರು, ಇಸವಿ ಎಲ್ಲ ಕವಿತೆಯೊಳಗೆ ಬರಲೇಬೇಕೆಂದಿಲ್ಲ. ನಿನಗೆ ಗೊತ್ತಿದ್ದರೆ ಸಾಕು. ಗೊತ್ತಿದ್ದು ಬರೆದ ಸಾಲಿನ ತೂಕವೇ ಬೇರೆ. ಎಡ್ಗರ್ ಲೀ ಮಾಸ್ಟರ್ಸ್ 1915ರಲ್ಲಿ ‘ಸ್ಪೂನ್ ರಿವರ್ ಆ್ಯಂತಾಲಜಿ’ ಪ್ರಕಟಿಸಿದ. ಅಮೆರಿಕದ ಒಂದು ಸಣ್ಣ ಊರಿನ ಗೋರಿಗಳಿಂದ ಇನ್ನೂರಕ್ಕೂ ಹೆಚ್ಚು ಜನ ಎದ್ದು ತಮ್ಮ ತಮ್ಮ ಕಥೆ ಹೇಳುತ್ತಾರೆ. ಅಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರ ಬಾಯಿಗೆ ಹಾಕಲು ಬರುವುದಿಲ್ಲ. ಫೆರ್ನಾಂದಾ ಪಿವಾನೊ 1943ರಲ್ಲಿ ಅದನ್ನು ಇಟಾಲಿಯನ್ನಿಗೆ ತಂದಳು. 1971ರಲ್ಲಿ ಜಿನೋವಾದವನೇ ಆದ ಹಾಡುಗಾರ ಫಾಬ್ರಿತ್ಸಿಯೊ ದೆ ಆಂದ್ರೆ ಆ ಪದ್ಯಗಳ ಬೆನ್ನು ಹತ್ತಿ ಒಂದು ಇಡೀ ಆಲ್ಬಂ ಮಾಡಿದ. ಅವನ ಕುಟುಂಬದ ಸಮಾಧಿ ಇರುವುದೂ ಸ್ತಾಲ್ಯೇನೊದಲ್ಲೇ. ನಿನ್ನ ಹಾಸ್ಟೆಲಿನ ಗೆಳತಿಯರಿಗೆ ಆ ಹಾಡುಗಳು ಗೊತ್ತಿರುತ್ತವೆ, ಕೇಳು.

ದೇವದೂತೆಯ ಚಿತ್ರದ ಬಗ್ಗೆ. ಒನೆತೊ ಕುಟುಂಬದ ಸಮಾಧಿಗೆ 1882ರಲ್ಲಿ ಜೂಲಿಯೊ ಮೊಂತೆವೆರ್ದೆ ಕೆತ್ತಿದ ಆ ದೂತೆಯನ್ನು ಜಗತ್ತಿನ ಎಷ್ಟೋ ಸ್ಮಶಾನಗಳು ನಕಲು ಮಾಡಿಕೊಂಡಿವೆ. ಅದನ್ನು ನೀನು ‘ಸಾಂತ್ವನ’ ಎಂದು ಕರೆದಿದ್ದೀಯ. ಮತ್ತೊಮ್ಮೆ ನೋಡು. ಕೈಗಳನ್ನು ಎದೆಗೆ ಅಡ್ಡ ಕಟ್ಟಿಕೊಂಡಿದೆ, ಅಂತಿಮ ತೀರ್ಪಿನ ದಿನ ಊದಬೇಕಾದ ಕಹಳೆ ಸುಮ್ಮನೆ ಕೆಳಮುಖವಾಗಿದೆ, ನೋಟದಲ್ಲಿ ಕರುಣೆಯ ಸುಳಿವಿಲ್ಲ. ಸತ್ತ ಮೇಲೆ ಏನೆಂಬುದು ಗೊತ್ತಿದ್ದೂ ಹೇಳದವರ ಮುಖ. ಅದನ್ನು ಸಾಂತ್ವನ ಎಂದುಬಿಟ್ಟರೆ ಶಿಲ್ಪಿ ಪಟ್ಟ ಕಷ್ಟ ಪೂರ್ತಿ ವ್ಯರ್ಥ. ಇದಕ್ಕೆ ಪ್ರತಿಯಾಗಿ ಪಿಯೆನೊವಿ ಸಮಾಧಿಯನ್ನು ನೋಡಿ ಬಾ. ಜೊವಾನ್ನಿ ಬತ್ತಿಸ್ತಾ ವಿಲ್ಲಾ 1879ರಲ್ಲಿ ಮಾಡಿದ್ದು. ಹೆಂಡತಿ ಸತ್ತ ಗಂಡನ ಮುಖದ ಮೇಲಿನ ಬಟ್ಟೆಯನ್ನು ಮೆಲ್ಲಗೆ ಎತ್ತಿ ನೋಡುತ್ತಿದ್ದಾಳೆ. ರೆಕ್ಕೆಯಿಲ್ಲ, ಕಹಳೆಯಿಲ್ಲ. ಆ ಬಟ್ಟೆ ಹಿಡಿದ ಬೆರಳುಗಳ ಮೇಲೆ ಒಂದು ಕವಿತೆ ಬರೆಯಬಹುದು.

ಫೋಟೊಕ್ಕೂ ಮಾತಿಗೂ ಗಂಟು ಬಿದ್ದರೆ ಅದು ಎಷ್ಟು ಬಿಗಿಯಾಗಬಲ್ಲದು ಎನ್ನುವುದಕ್ಕೆ ಅದೇ ಸ್ಮಶಾನದ ಇನ್ನೊಂದು ಚಿತ್ರವಿದೆ. ಬರ್ನಾರ್ ಪಿಯೆರ್ ವೂಲ್ಫ್ ಎಂಬ ಫ್ರೆಂಚ್ ಛಾಯಾಗ್ರಾಹಕ ಅಪ್ಪಿಯಾನಿ ಕುಟುಂಬದ ಸಮಾಧಿಯನ್ನು ತೆಗೆದಿದ್ದ. ಇಂಗ್ಲೆಂಡಿನ ಜಾಯ್ ಡಿವಿಷನ್ ತಂಡ ಅದನ್ನು ತನ್ನ ‘ಕ್ಲೋಸರ್’ ಆಲ್ಬಮ್ಮಿನ ಹೊದಿಕೆಗೆ ಆರಿಸಿಕೊಂಡಿತು. ಆಯ್ಕೆ ಆದ ಮೇಲೆ, ಆಲ್ಬಂ ಹೊರಬರುವ ಮುನ್ನ, 1980ರ ಮೇ 18ರಂದು ತಂಡದ ಗಾಯಕ ಇಯಾನ್ ಕರ್ಟಿಸ್ ಆತ್ಮಹತ್ಯೆ ಮಾಡಿಕೊಂಡ. ಜುಲೈಯಲ್ಲಿ ಆಲ್ಬಂ ಬಂದಾಗ ಸಾವನ್ನು ಮಾರಾಟಕ್ಕಿಟ್ಟರು ಎಂದು ಜನ ತಿಳಿದಾರೆಂಬ ಆತಂಕ ವಿನ್ಯಾಸಕಾರನಿಗೇ ಇತ್ತು. ನೀನು ಇವತ್ತು ಹಾಕುವ ಚಿತ್ರವನ್ನು ನಾಳೆ ಯಾರು, ಯಾವ ದುಃಖದಲ್ಲಿ ನೋಡುತ್ತಾರೋ ನಿನಗೆ ತಿಳಿಯದು. ಆದ್ದರಿಂದ ಸಾವನ್ನು ಸುಂದರಗೊಳಿಸಿ ಕರೆಯುವಂಥ ಒಂದು ಸಾಲನ್ನೂ ಬರೆಯಬೇಡ. ನಿನ್ನ ವಯಸ್ಸಿನವರು ಹೆಚ್ಚಾಗಿ ನೋಡುವ ಚಿತ್ರಗಳು ಇವು. ಈ ವಿಷಯದಲ್ಲಿ ನನ್ನದು ಸಲಹೆಯಲ್ಲ, ಕಟ್ಟುನಿಟ್ಟಿನ ಮಾತು.

ರಜೆಗೆ ಊರಿಗೆ ಬಂದಾಗ ವೀರಗಲ್ಲು ಮಾಸ್ತಿಗಲ್ಲುಗಳನ್ನೂ ಹೀಗೇ ಮಾಡುತ್ತೇನೆ ಎಂದಿದ್ದೀಯ. ಖಂಡಿತ ಮಾಡು. ಮೊದಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲಿನ ಮುಂದೆ ಒಂದಷ್ಟು ಹೊತ್ತು ನಿಲ್ಲು. ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದದ್ದು, ಕ್ರಿ.ಶ. 949–50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರನಿಗೆ ದೊರೆ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತದೆಂದು ಬರೆಸಿದರು. ನಾಯಿಯೂ ಹಂದಿಯೂ ಒಂದನ್ನೊಂದು ಕಚ್ಚಿ ಹಿಡಿದ ಶಿಲ್ಪಕ್ಕೆ ಕಲ್ಲು ಕೆತ್ತಿದವನು ಜಾಗ ಬಿಟ್ಟು ಅಕ್ಷರ ಇಳಿಸಿದ್ದಾನೆ. ಅಕ್ಷರ ಚಿತ್ರವನ್ನು ತುಳಿಯುವುದಿಲ್ಲ. ಪುಟವಿನ್ಯಾಸ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂಬುದು ನಿನಗೆ ನೆನಪಿರಲಿ. ಕೆಳಪಟ್ಟಿಕೆಯಲ್ಲಿ ಕಾಳಗ, ತುರುಗಳು. ನಡುವೆ ವೀರನನ್ನು ಎರಡೂ ಕಡೆಯಿಂದ ಹಿಡಿದು ಒಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಫೋನಿನ ಪರದೆಯಲ್ಲಿ ಜನ ಮೇಲಿನಿಂದ ಕೆಳಕ್ಕೆ ಓದುತ್ತಾರೆ. ಹಾಗಾದರೆ ಕೈಲಾಸ ಮೊದಲು, ಕಾಳಗ ಕೊನೆಗೆ ಬಂದುಬಿಡುತ್ತದೆ. ಈ ತೊಡಕನ್ನು ನೀನು ಹೇಗೆ ಬಿಡಿಸುತ್ತೀಯೋ ನೋಡಬೇಕೆಂಬ ಆಸೆ ನನಗಿದೆ. ಕೆಳಗಿನಿಂದ ಮೇಲಕ್ಕೆ ಸರಿಯುವ ಕವಿತೆಯನ್ನು ಡಿಜಿಟಲ್ ಪರದೆಯಲ್ಲಿ ಮಾಡಬಹುದು, ಅಚ್ಚಿನಲ್ಲಿ ಕಷ್ಟ.

ಮಾಸ್ತಿಗಲ್ಲಿನ ಮಾತು ಬೇರೆ. ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮಡಿಚಿ ಮೇಲೆತ್ತಿದ ಕೈ, ಮಣಿಕಟ್ಟಿನಲ್ಲಿ ಬಳೆ, ಬೆರಳಿನಲ್ಲಿ ನಿಂಬೆಹಣ್ಣು. ನೋಡುವುದಕ್ಕೆ ಎಂಥ ಚೆಲುವಾದ ಕೈ! ಕ್ಯಾಮೆರಾಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ಸಿಗಲಾರದು. ಆದರೆ ಅದು ಬೆಂಕಿಗೆ ಹೋದ ಹೆಣ್ಣಿನ ಕೈ. ಎಷ್ಟೋ ಕಲ್ಲುಗಳಲ್ಲಿ ಅವಳ ಹೆಸರೇ ಇಲ್ಲ. ಅದರ ಮೇಲೆ ತ್ಯಾಗ, ಪಾತಿವ್ರತ್ಯ, ಅಮರ ಪ್ರೇಮ ಎಂದು ಬರೆದರೆ ಕೆತ್ತಿಸಿದವರ ಮಾತನ್ನೇ ನೀನು ಮತ್ತೆ ಹೇಳಿದಂತಾಗುತ್ತದೆ. ಸತಿ ಪದ್ಧತಿಯನ್ನು ವೈಭವೀಕರಿಸುವುದು 1987ರ ಕೇಂದ್ರ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆಯನ್ನು ಬಿಡು, ಆ ಬಳೆ ತೊಟ್ಟವಳಿಗೆ ವಯಸ್ಸೆಷ್ಟಿತ್ತು ಎಂದು ಒಂದು ಕ್ಷಣ ಯೋಚಿಸಿದರೆ ಸಾಕು, ಬರೆಯುವ ಕೈ ತಾನಾಗಿ ಹುಷಾರಾಗುತ್ತದೆ. ಕಲ್ಲು ಹೇಳುವುದನ್ನು ಕೇಳು ಎಂದೆನಲ್ಲ, ಕೇಳಿದ್ದನ್ನೆಲ್ಲ ಒಪ್ಪು ಎಂದಲ್ಲ. ಕೆಲವು ಕಲ್ಲುಗಳಿಗೆ ಎದುರುತ್ತರ ಕೊಡಲೇಬೇಕು.

ಇನ್ನು ಕೈಕೆಲಸದ ಮಾತು. ಅಕ್ಷರ ಸವೆದು ಓದಲಾಗದಿದ್ದರೆ ಸೀಮೆಸುಣ್ಣ, ಹಿಟ್ಟು, ಸೋಪಿನ ನೊರೆ ಯಾವುದನ್ನೂ ಹಚ್ಚಬೇಡ, ಉಜ್ಜಬೇಡ. ಟಾರ್ಚನ್ನು ಕಲ್ಲಿಗೆ ಒತ್ತಿದ ಹಾಗೆ ಪಕ್ಕದಿಂದ ಓರೆಯಾಗಿ ಬಿಡು. ಎದುರಿನಿಂದ ಬಿಟ್ಟ ಬೆಳಕಿನಲ್ಲಿ ಬರಿಯ ಬಂಡೆಯಾಗಿ ಕಂಡದ್ದು ಓರೆ ಬೆಳಕಿನಲ್ಲಿ ಅಕ್ಷರವಾಗಿ ಎದ್ದು ಬರುತ್ತದೆ. ನಮ್ಮ ಕಾಲೇಜಿನ ಹುಡುಗರನ್ನು ಶಾಸನ ಓದಿಸಲು ಕರೆದೊಯ್ಯುತ್ತಿದ್ದಾಗ ಕನ್ನಡಿಯಿಂದ ಬಿಸಿಲನ್ನು ತಿರುಗಿಸಿ ಹೀಗೇ ಓದಿಸುತ್ತಿದ್ದೆ. ಬೆಳಗಿನ ಇಲ್ಲವೇ ಸಂಜೆಯ ಬಿಸಿಲು ಇದಕ್ಕೆ ಸರಿ, ನಡುಮಧ್ಯಾಹ್ನ ಹೋಗಿ ಪ್ರಯೋಜನವಿಲ್ಲ. ಪ್ರತಿಮೆಗಳನ್ನು ಮುಟ್ಟಲೂ ಬೇಡ. ಪ್ಯಾರಿಸ್ಸಿನ ಪೆರ್ ಲಾಶೇಜ್‌ನಲ್ಲಿ ಆಸ್ಕರ್ ವೈಲ್ಡ್‌ನ ಸಮಾಧಿಗೆ ಅಭಿಮಾನಿಗಳು ಲಿಪ್‌ಸ್ಟಿಕ್ಕಿನ ಮುತ್ತು ಕೊಟ್ಟೂ ಕೊಟ್ಟೂ, ಅದರ ಜಿಡ್ಡು ಕಲ್ಲಿಗಿಳಿದು, ಕೊನೆಗೆ 2011ರಲ್ಲಿ ಗಾಜಿನ ತಡೆ ಕಟ್ಟಬೇಕಾಯಿತು. ಪ್ರೀತಿಯಿಂದಲೂ ಕಲ್ಲು ಕೆಡುತ್ತದೆ.

ಸ್ತಾಲ್ಯೇನೊದ ಮೊಗಸಾಲೆಗಳಲ್ಲಿ ನಿಂತ ಪ್ರತಿಮೆಗಳ ಮೇಲೆ ಕಪ್ಪು ಧೂಳು ಕೂತಿರುವುದನ್ನು ನೀನು ಕೆಲವು ಚಿತ್ರಗಳಲ್ಲಿ ಸಾಫ್ಟ್‌ವೇರಿನಿಂದ ತೆಗೆದುಹಾಕಿದ್ದೀಯ. ಬಿಟ್ಟುಬಿಡು, ತೆಗೆಯಬೇಡ. ಮೇಲ್ಮುಖವಾದ ಕಡೆಯಲ್ಲೆಲ್ಲ, ಹೆಗಲು, ತೊಡೆ, ಸೆರಗಿನ ಮಡಿಕೆಯ ಮೇಲಂಚು, ಧೂಳು ನಿಂತು ಕಪ್ಪಾಗಿದೆ. ಮಡಿಕೆಯ ಕೆಳಗೆ ಅಮೃತಶಿಲೆ ಬೆಳ್ಳಗೇ ಇದೆ. ಬೆಳಕು ಬೀಳಬೇಕಾದಲ್ಲಿ ಕತ್ತಲೆ, ನೆರಳಿರಬೇಕಾದಲ್ಲಿ ಬಿಳುಪು. ನೂರೈವತ್ತು ವರ್ಷದ ಗಾಳಿ ಬರೆದ ಈ ನೆರಳನ್ನು ಯಾವ ಶಿಲ್ಪಿಯೂ ಕೆತ್ತಲಾರ. ಕಣ್ಣು ಮಿಟುಕಿಸುವ ಹಾಗೆ, ತುಟಿ ಅಲ್ಲಾಡುವ ಹಾಗೆ ಮಾಡಿಕೊಡುವ ಆ್ಯಪುಗಳಿವೆಯಂತೆ, ಅವುಗಳ ತಂಟೆಗೂ ಹೋಗಬೇಡ. ಪಿಯೆನೊವಿ ಸಮಾಧಿಯ ಆ ಹೆಂಗಸು ಬಟ್ಟೆ ಎತ್ತಿ ನೋಡುತ್ತಾ ಹಾಗೇ ನಿಂತುಬಿಟ್ಟಿರುವುದರಲ್ಲೇ ಶಿಲ್ಪವಿದೆ. ಅವಳ ಕೈ ಅಲ್ಲಾಡಿತೋ, ಮುಗಿಯಿತು.

ಕನ್ನಡ ಅಕ್ಷರದ ಬಗ್ಗೆ ಇಷ್ಟು. ಎರಡು ಚಿತ್ರಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬಿದ್ದಿದೆ, ‘ಸ್ಮೃತಿ’ ಓದಲಿಕ್ಕೇ ಬರುತ್ತಿಲ್ಲ. ನಿನ್ನ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗೆ ಬೇರೆಯೇ ಆಯ್ಕೆ ಇರುತ್ತದೆ, ಅದನ್ನು ಹಾಕಿಕೊಳ್ಳದಿದ್ದರೆ ಹೀಗಾಗುತ್ತದೆ. ಯೂನಿಕೋಡ್ ಫಾಂಟ್ ಬಳಸು. ನೋಟೊ ಸೆರಿಫ್ ಕನ್ನಡ, ಟಿರೊ ಕನ್ನಡ ಎರಡೂ ಉಚಿತ, ಕವಿತೆಗೆ ಒಪ್ಪುತ್ತವೆ. ನಮ್ಮ ಲಿಪಿಗೆ ಮೇಲೆ ಗುಡಿಸು, ಕೆಳಗೆ ಒತ್ತು ಇರುವುದರಿಂದ ಇಂಗ್ಲಿಷಿಗೆ ಇಡುವಷ್ಟೇ ಜಾಗ ಸಾಲುಗಳ ನಡುವೆ ಇಟ್ಟರೆ ಉಸಿರು ಕಟ್ಟುತ್ತದೆ. ಕವಿತೆಯನ್ನು ಚಿತ್ರದೊಳಗೆ ಮಾತ್ರ ಇಡದೆ ಕೆಳಗೆ ಬೇರೆ ಪಠ್ಯವಾಗಿಯೂ ಹಾಕು, ಪ್ರತಿಮೆ ಹೇಗಿದೆ ಎಂದು ಎರಡು ವಾಕ್ಯ ಬರೆ. ಕಣ್ಣು ಕಾಣದವರು ಫೋನಿನಿಂದ ಓದಿಸಿಕೊಂಡು ಕೇಳುತ್ತಾರೆ. ಚಿತ್ರದೊಳಗಿನ ಅಕ್ಷರ ಆ ಯಂತ್ರಕ್ಕೆ ಸರಿಯಾಗಿ ಸಿಗುವುದಿಲ್ಲ.

ಕಾನೂನೂ ಸ್ವಲ್ಪ ತಿಳಿದಿರಲಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಪ್ರಕಾರ ಸಾರ್ವಜನಿಕರು ಹೋಗಿಬರುವ ಜಾಗದಲ್ಲಿ ಕಾಯಂ ಆಗಿ ನಿಂತ ಶಿಲ್ಪದ ಫೋಟೊ ತೆಗೆದು ಪ್ರಕಟಿಸಲು ಅಡ್ಡಿಯಿಲ್ಲ. ಇಟಲಿಯಲ್ಲಿ ಅಂಥ ಸಾರಾಸಗಟು ವಿನಾಯಿತಿ ಇಲ್ಲ. ಆ ಹಳೆಯ ಶಿಲ್ಪಿಗಳ ಕೃತಿಸ್ವಾಮ್ಯದ ಅವಧಿ ಮುಗಿದಿದ್ದರೂ ಪಾರಂಪರಿಕ ಸ್ವತ್ತಿನ ಚಿತ್ರವನ್ನು ವ್ಯಾಪಾರಕ್ಕೆ ಬಳಸುವುದಕ್ಕೆ ಬೇರೆ ನಿಯಮಗಳಿವೆ. ಪ್ರಿಂಟ್ ಮಾಡಿ ಮಾರುವ ಯೋಚನೆ ಇದ್ದರೆ ಮೊದಲು ಸ್ಮಶಾನದ ಕಚೇರಿಯಲ್ಲಿ ಕೇಳಿ ಲಿಖಿತ ಅನುಮತಿ ಪಡೆ. ಬೇರೆ ಕವಿಗಳ ಸಾಲು ಬೇಕೆನಿಸಿದರೆ ನಮ್ಮಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಪದ್ಯಕ್ಕೆ 2041ರ ಕೊನೆಯವರೆಗೂ ಅನುಮತಿ ಬೇಕು. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರದಕ್ಕೆ ಬೇಡ. ಈಚಿನ ಗೋರಿಗಳ ಮೇಲೆ ಪಿಂಗಾಣಿ ಬಿಲ್ಲೆಯಲ್ಲಿ ಅಂಟಿಸಿದ ಸತ್ತವರ ಫೋಟೊ ಇರುತ್ತದಲ್ಲ, ಅವನ್ನು ತೆಗೆಯಲೇಬೇಡ. ಅವರ ಮಕ್ಕಳು ಭಾನುವಾರ ಹೂ ತರುತ್ತಿರುತ್ತಾರೆ. ಅದು ಕಾನೂನಿನ ಮಾತಲ್ಲ.

ಹೆಸರಿನ ವಿಷಯವನ್ನು ಒತ್ತಿ ಹೇಳುತ್ತಿದ್ದೇನೆ ಎನಿಸಬಹುದು. ಆಸ್ಕರ್ ವೈಲ್ಡ್‌ನ ಹೆಂಡತಿ ಕಾನ್‌ಸ್ಟನ್ಸ್ 1898ರಲ್ಲಿ ಜಿನೋವಾದಲ್ಲಿ ತೀರಿಕೊಂಡಳು, ಸ್ತಾಲ್ಯೇನೊದಲ್ಲೇ ಮಣ್ಣಾದಳು. ಮರುವರ್ಷ ವೈಲ್ಡ್ ಹೂ ಹಿಡಿದು ಬಂದಾಗ ಕಲ್ಲಿನಲ್ಲಿ ತನ್ನ ಹೆಸರಿನ ಸೊಲ್ಲೇ ಇಲ್ಲದ್ದನ್ನು ಕಂಡು ನೊಂದುಕೊಂಡ. ಅವನ ಹೆಂಡತಿ ಎಂಬ ಮಾತನ್ನು ಆ ಕಲ್ಲಿಗೆ ಸೇರಿಸಿದ್ದು 1963ರಲ್ಲಿ. ಒಂದು ಕಲ್ಲಿನಲ್ಲಿ ಯಾವ ಹೆಸರು ಇದೆ, ಯಾವುದು ಇಲ್ಲ ಎಂಬುದರಲ್ಲೇ ಇಡೀ ಕವಿತೆ ಇರಬಹುದು. ಅದು ಕಾಣಬೇಕಾದರೆ ಕ್ಯಾಮೆರಾ ಚೀಲದಲ್ಲಿಟ್ಟು, ಪೀಠದ ಮುಂದೆ ಕೂತು, ಸವೆದ ಅಕ್ಷರವನ್ನೂ ಬಿಡದೆ ಓದಬೇಕು.

ಹಾಗಾಗಿ ಒಂದು ಕೆಲಸ ಮಾಡು. ಮುಂದಿನ ವಾರ ಬಿಡುವಿದ್ದಾಗ ಸ್ತಾಲ್ಯೇನೊಕ್ಕೆ ಹೋಗಿ ಕತೆರಿನಾಳ ಪೀಠದ ಮೇಲಿನ ವೀಗೊನ ಪದ್ಯವನ್ನು ಅಲ್ಲಿನ ಹಿರಿಯರೊಬ್ಬರ ಬಾಯಿಂದ ಓದಿಸಿ ಕೇಳು. ಆಮೇಲೆ ನಿನ್ನ ಕವಿತೆಯನ್ನು ಹೊಸದಾಗಿ ಬರೆ, ಅವಳ ಕೈ ಮುಚ್ಚದ ಹಾಗೆ ಜೋಡಿಸು. ಚಿತ್ರದ ಕೆಳಗೆ ಕತೆರಿನಾ, ಒರೆಂಗೊ, ವೀಗೊ, ಮೂವರ ಹೆಸರನ್ನೂ ನಿನ್ನ ಹೆಸರಿನಷ್ಟೇ ದೊಡ್ಡದಾಗಿ ಹಾಕಿ ನನಗೆ ಕಳಿಸು.